ಕುಸ್ತಿಗೆ ಬಂದ ಕುತ್ತು

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. 2013ನೆಯ ಇಸವಿಯ ಫೆಬ್ರವರಿ 12ರಂದು ಮಾತ್ರ ಜಟ್ಟಿಯ ಮೀಸೆಗೆ ನಿಜವಾಗಿಯೂ ಮಣ್ಣು ಹತ್ತಿತು. ಹತ್ತಿಸಿದವನು ಎದುರಾಳಿ ಜಟ್ಟಿಯಲ್ಲ. ಅಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಹದಿನೈದು ಮಂದಿಯ ಕಾರ್ಯಕಾರಿ ಮಂಡಲಿಯು ಸಭೆ ಸೇರಿತ್ತು. ಲಂಡನ್ನಿನ ಕೂಟದಲ್ಲಿ ಇದ್ದ 26 ಕ್ರೀಡೆಗಳಲ್ಲಿ ಒಂದನ್ನು ಖಾಯಂ ಪಟ್ಟಿಯಿಂದ ಕೈಬಿಡಬೇಕಾಗಿತ್ತು. ಗುಪ್ತಮತದಾನ ನಡೆಯಿತು. ಕುದುರೆ ಸವಾರಿ, ಕತ್ತಿವರಸೆ, ಈಜು, ಓಟ, ಗುಂಡು ಹಾರಿಸುವುದು ಇವೈದನ್ನೂ ಒಟ್ಟುಗೂಡಿಸಿದ ಆಧುನಿಕ ಪೆಂಟಾಥ್ಲಾನ್ ಹೊರಬೀಳುವುದೆಂದು ಎಲ್ಲರೂ ಎಣಿಸಿದ್ದರು. ಬಿದ್ದದ್ದು ಕುಸ್ತಿ! 2020ರಿಂದ ಒಲಿಂಪಿಕ್ಸಿನಲ್ಲಿ ಅದಕ್ಕೆ ಖಾಯಂ ಸ್ಥಾನವಿರತಕ್ಕದ್ದಲ್ಲವೆಂದು ಮಂಡಲಿಯು ಶಿಫಾರಸು ಮಾಡಿತು.

ಸುದ್ದಿಯನ್ನು ಓದಿದವರು ಮೊದಲು ನಂಬಲಿಲ್ಲ. ಆರೇ ತಿಂಗಳ ಹಿಂದೆ ಲಂಡನ್ನಿನಲ್ಲಿ ಸುಶೀಲ್ ಕುಮಾರ್ ಬೆಳ್ಳಿಯನ್ನೂ ಯೋಗೇಶ್ವರ ದತ್ ಕಂಚನ್ನೂ ಗೆದ್ದು ತಂದಿದ್ದರು. ಭಾರತದ ಹಳ್ಳಿಯ ಹುಡುಗನೊಬ್ಬ ಜಗತ್ತಿನ ಮುಂದೆ ಎದೆಯೆತ್ತಿ ನಿಲ್ಲಬಹುದಾದ ಕೆಲವೇ ಕಣಗಳಲ್ಲಿ ಇದೊಂದು ಎಂಬುದು ಆಗತಾನೆ ಜನಕ್ಕೆ ಮನವರಿಕೆಯಾಗುತ್ತಿತ್ತು. ಬಲ್ಗೇರಿಯದಲ್ಲಿ, 1996ರ ಒಲಿಂಪಿಕ್ಸಿನ ವಿಜೇತ ವಾಲೆಂಟಿನ್ ಯೊರ್ದಾನೊವ್ ತಮ್ಮ ಚಿನ್ನದ ಪದಕವನ್ನೇ ಒಲಿಂಪಿಕ್ ಸಮಿತಿಗೆ ಹಿಂದಿರುಗಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದೊಳಗೆ ಮ್ಯಾಟು ಹಾಸಿ, ಅಮೆರಿಕ, ಇರಾನ್, ರಷ್ಯ ಈ ಮೂರು ದೇಶಗಳ ಮಲ್ಲರು ಪ್ರದರ್ಶನ ಕುಸ್ತಿಯಾಡಿದರು. ರಾಜತಾಂತ್ರಿಕರು ಕೈಕುಲುಕಲು ಹಿಂಜರಿಯುತ್ತಿದ್ದ ಕಾಲದಲ್ಲಿ ಈ ದೇಶಗಳ ಪೈಲ್ವಾನರು ಒಬ್ಬರ ಕೊರಳಿಗೆ ಒಬ್ಬರು ಕೈಹಾಕಿದ್ದರು. ಕುಸ್ತಿಯ ಪಟ್ಟೂ ಆಲಿಂಗನವೂ ದೂರದಿಂದ ನೋಡುವವರಿಗೆ ಒಂದೇ ಬಗೆಯಾಗಿ ಕಾಣುತ್ತವೆ.

ಆ ದಿನಗಳಲ್ಲಿ ಕುಸ್ತಿಯ ಪರವಾಗಿ ಹೆಚ್ಚಾಗಿ ಕೇಳಿಬಂದ ವಾದವೆಂದರೆ ಅದರ ಪ್ರಾಚೀನತೆಯದು. ಕ್ರಿಸ್ತಪೂರ್ವ 708ರಲ್ಲಿಯೇ ಗ್ರೀಸಿನ ಒಲಿಂಪಿಯದಲ್ಲಿ ಕುಸ್ತಿಯಿತ್ತು. ಕ್ರೊಟಾನಿನ ಮೈಲೊ ಎಂಬ ಮಹಾಮಲ್ಲ ಅಲ್ಲಿ ಆರು ಬಾರಿ ವಿಜಯಿಯಾಗಿದ್ದ. 1896ರಲ್ಲಿ ಅಥೆನ್ಸಿನಲ್ಲಿ ಕೂಟಗಳು ಮರುಹುಟ್ಟು ಪಡೆದಾಗಲೂ ಕುಸ್ತಿಯಿತ್ತು. 1900ರ ಪ್ಯಾರಿಸ್ ಕೂಟವೊಂದನ್ನು ಬಿಟ್ಟರೆ ಮತ್ತೆಲ್ಲಿಯೂ ತಪ್ಪಲಿಲ್ಲ. ಇವೆಲ್ಲ ಸತ್ಯವೇ. ಆದರೆ ಹಳೆಯದಾದದ್ದೆಲ್ಲ ಉಳಿಯಲೇಬೇಕೆಂದು ಹಟ ಹಿಡಿಯುವುದಾದರೆ ರಥದ ಓಟವೂ ಉಳಿಯಬೇಕಾಗಿತ್ತು. ಹಗ್ಗಜಗ್ಗಾಟವನ್ನೇ ನೋಡಿ. 1900ರಿಂದ 1920ರವರೆಗೆ ಅದೂ ಒಲಿಂಪಿಕ್ ಕ್ರೀಡೆಯಾಗಿತ್ತು. ಅನಂತರ ಅದನ್ನು ಕೈಬಿಟ್ಟರು. ಯಾರ ಮನೆಯಲ್ಲಿಯೂ ಒಲೆ ಆರಲಿಲ್ಲ. ಊರ ಹಬ್ಬಗಳಲ್ಲಿ, ಶಾಲೆಯ ಮೈದಾನಗಳಲ್ಲಿ ಇಂದಿಗೂ ಜನ ಹಗ್ಗವನ್ನು ಜಗ್ಗುತ್ತಲೇ ಇದ್ದಾರೆ.

ಕನ್ನಡ ನಾಡಿನಲ್ಲಿಯೂ ಪ್ರಾಚೀನತೆಗೇನು ಬಡತನವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವನ್ನೇ ಮೀಸಲಿಟ್ಟು, ಮಲ್ಲರನ್ನು ದರ್ಜೆ ದರ್ಜೆಯಾಗಿ ವಿಂಗಡಿಸಿ ಹೇಳಿದ್ದಾನೆ. ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಮಲ್ಲರ ಕಾಳಗವನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಹಲ್ಲು ಮುರಿಯುವ, ಕಣ್ಣು ಕೀಳುವ ಹೊಡೆತಗಳವು. ಮೈಸೂರಿನ ಅರಮನೆಯಂಗಳದಲ್ಲಿ ವಿಜಯದಶಮಿಯಂದು, ಜಂಬೂ ಸವಾರಿ ಹೊರಡುವ ಮುನ್ನ, ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿಯನ್ನು ಹಿಡಿದು ಸೆಣಸುವ ಪದ್ಧತಿ ನಡೆದುಬಂದಿದೆ. ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯಿತು. ನೋಡುವವರ ಮೈ ಜುಮ್ಮೆನ್ನುತ್ತದೆ. ಹಾಗೆಂದು ವಜ್ರಮುಷ್ಟಿಯನ್ನು ಒಲಿಂಪಿಕ್ಸಿಗೆ ಸೇರಿಸಿರೆಂದು ಜಟ್ಟಿಗಳ ಮನೆಯವರೂ ಕೇಳಿಲ್ಲ. ಒಂದು ಆಚರಣೆಗೆ ತನ್ನ ಅಂಗಳವೇ ಸಾಕು. ಪ್ರಾಚೀನತೆಯು ಗೌರವಕ್ಕೆ ಕಾರಣವಾದೀತು, ಹಕ್ಕಿಗೆ ಕಾರಣವಾಗದು.

ಇನ್ನು, ಕುಸ್ತಿಯನ್ನು ಹೊರಹಾಕಿದವರು ಹುಚ್ಚರೂ ಅಲ್ಲ, ದುಷ್ಟರೂ ಅಲ್ಲ. ಈ ಆಟದ ಮನೆ ಒಳಗಿನಿಂದಲೇ ಗೆದ್ದಲು ಹಿಡಿದಿತ್ತು. ಹಿಂದೊಮ್ಮೆ ಅದರ ಕೊರತೆ ಬೇರೆಯಾಗಿತ್ತು: 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಆಸಿಕೈನೆನ್ ಮತ್ತು ಕ್ಲೈನ್ ಎಂಬಿಬ್ಬರ ನಡುವಿನ ಒಂದೇ ಒಂದು ಕುಸ್ತಿ ಹನ್ನೊಂದು ಗಂಟೆ ನಲವತ್ತು ನಿಮಿಷ ನಡೆಯಿತು. ಗೆದ್ದ ಕ್ಲೈನ್ ದಣಿದು ಹೋಗಿ ಚಿನ್ನದ ಪದಕಕ್ಕಾಗಿ ಆಡಲೇ ಇಲ್ಲ. ಆ ಬಗೆಯ ಕಾಟವನ್ನು ತಪ್ಪಿಸಲು ಕಾಲಕಾಲಕ್ಕೆ ನಿಯಮಗಳನ್ನು ಬದಲಿಸುತ್ತ ಬಂದರು. ಬದಲಿಸಿ ಬದಲಿಸಿ, 2005ರ ಅನಂತರ ಅದು ಎಲ್ಲಿಗೆ ಬಂದು ನಿಂತಿತೆಂದರೆ, ಎರಡೆರಡು ನಿಮಿಷಗಳ ಮೂರು ಸುತ್ತು. ಎರಡನ್ನು ಗೆದ್ದವನೇ ವಿಜಯಿ. ಒಟ್ಟು ಅಂಕಗಳಲ್ಲಿ ಮುಂದಿದ್ದವನೂ ಸೋಲಬಹುದಾಗಿತ್ತು. ಸುತ್ತಿನಲ್ಲಿ ಇಬ್ಬರಿಗೂ ಅಂಕ ಬಾರದಿದ್ದರೆ? ತೀರ್ಪುಗಾರ ಒಂದು ಚೀಲದೊಳಗೆ ಕೈಯಿಟ್ಟು ಬಣ್ಣದ ಚೆಂಡೊಂದನ್ನು ತೆಗೆಯುವನು. ಕೆಂಪು ಬಂದರೆ ಕೆಂಪು ಉಡುಪಿನವನಿಗೆ, ನೀಲಿ ಬಂದರೆ ನೀಲಿಯವನಿಗೆ, ಎದುರಾಳಿಯ ಕಾಲನ್ನು ಮೊದಲೇ ಹಿಡಿದುಕೊಂಡು ಆಟ ಆರಂಭಿಸುವ ಅವಕಾಶ. ಸಾಮಾನ್ಯವಾಗಿ ಕಾಲು ಸಿಕ್ಕವನದೇ ಗೆಲುವು. ಹತ್ತು ವರ್ಷ ದಂಡ ಬಸ್ಕಿ ಹೊಡೆದು ಮೈ ಹುರಿಗಟ್ಟಿಸಿದವನ ಹಣೆಬರಹ ಹೀಗೆ ಚೀಲದ ಚೆಂಡಿನ ಕೈಗೆ ಹೋಯಿತು. ಮದುವೆಯ ಮನೆಯಲ್ಲಿ ಮಕ್ಕಳು ಚೀಟಿ ಎತ್ತಿ ಆಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಆಡಳಿತವಂತೂ ಇನ್ನೂ ಹೀನಾಯವಾಗಿತ್ತು. ಜಾಗತಿಕ ಕುಸ್ತಿ ಒಕ್ಕೂಟದ ನಿರ್ಧಾರ ಮಂಡಲಿಗಳಲ್ಲಿ ಒಬ್ಬ ಕ್ರೀಡಾಪಟುವಿಗೂ ಸ್ಥಾನವಿರಲಿಲ್ಲ, ಮಹಿಳೆಯರ ಸಮಿತಿಯೊಂದಿರಲಿಲ್ಲ. ಒಲಿಂಪಿಕ್ ಸಮಿತಿಯ ಪರಿಶೀಲನೆಯಲ್ಲಿ ಇವೇ ಎದ್ದು ಕಂಡವು. ಪೆಂಟಾಥ್ಲಾನಿನವರು ಮುಂಚೆಯೇ ಎಚ್ಚೆತ್ತು ತಮ್ಮ ಆಟವನ್ನು ತಿದ್ದಿಕೊಂಡು, ಕಾಣಬೇಕಾದವರನ್ನು ಕಂಡು, ಮಾತನಾಡಿಕೊಂಡಿದ್ದರು. ಕುಸ್ತಿಯ ಹಿರಿಯರು ‘ಎರಡೂವರೆ ಸಾವಿರ ವರ್ಷದ ಆಟ, ಇದನ್ನು ಯಾರು ಮುಟ್ಟುತ್ತಾರೆ?’ ಎಂದು ಕಾಲು ಚಾಚಿ ಮಲಗಿದ್ದರು.

ಹಾಗಾದರೆ ಕುಸ್ತಿಯನ್ನು ತೆಗೆದದ್ದು ಸರಿಯೇ? ಸರಿಯಲ್ಲ. ಅದಕ್ಕೆ ಕಾರಣ ಗ್ರೀಸಿನ ಅಮೃತಶಿಲೆಯ ಪ್ರತಿಮೆಗಳಲ್ಲಿ ಸಿಕ್ಕುವುದಿಲ್ಲ. ಗರಡಿಮನೆಯ ಮಣ್ಣಿನಲ್ಲಿ ಸಿಕ್ಕುತ್ತದೆ.

ಗರಡಿಮನೆಯೊಳಕ್ಕೆ ಹೋಗಿ ನೋಡಿದವರಿಗೆ ಅಲ್ಲಿನ ಸಲಕರಣೆಗಳನ್ನು ಲೆಕ್ಕ ಹಾಕಲು ಎರಡು ಕೈಯ ಬೆರಳುಗಳು ಬೇಕಾಗುವುದಿಲ್ಲ. ತಗ್ಗಾದ ಬಾಗಿಲು, ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಗದೆ, ಒಂದೆರಡು ಕಲ್ಲುಗುಂಡು. ನಡುವೆ ಹದ ಮಾಡಿದ ಕೆಮ್ಮಣ್ಣು. ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ ಹಾಕಿ, ಅಗೆದು, ತುಳಿದು, ಬೆಣ್ಣೆಯಂತೆ ಮಾಡಿರುತ್ತಾರೆ. ಹುಡುಗನಿಗೆ ಬೇಕಾದುದು ಒಂದು ಲಂಗೋಟಿ, ಒಬ್ಬ ಉಸ್ತಾದ್. ಶುಲ್ಕದ ಮಾತಿಲ್ಲ, ಬೆಳಗಿನ ಜಾವ ಬಂದು ಮಣ್ಣು ಅಗೆಯುವುದೇ ಶುಲ್ಕ. ಆಟಕ್ಕೆ ಖರ್ಚಿಲ್ಲವೆಂದರೆ ಬಾದಾಮಿ ಮಾರುವ ಶೆಟ್ಟರು ನಕ್ಕಾರು: ಹಾಲು, ತುಪ್ಪ, ಬಾದಾಮಿಗಳಿಗೆ ಮನೆಯ ಎಮ್ಮೆಯೊಂದೇ ಸಾಲದು. ಆದರೂ ಬಾದಾಮಿಯನ್ನು ಇಂದು ಕಡಿಮೆ ತಿಂದು ನಾಳೆ ಹೆಚ್ಚು ತಿನ್ನಬಹುದು. ಸ್ಕ್ವಾಷ್ ಆಟಕ್ಕೆ ನಾಲ್ಕು ಗೋಡೆಗಳ ಅಂಕಣ ಬೇಕು. ಒಂದು ಗೋಡೆಯನ್ನು ಇಂದು ಕಟ್ಟಿ ಇನ್ನೊಂದನ್ನು ಮುಂದಿನ ಸುಗ್ಗಿಗೆ ಕಟ್ಟಲಾಗದು. ಕುದುರೆ ಸವಾರಿಯ ಮಾತನ್ನಂತೂ ಎತ್ತುವುದೇ ಬೇಡ.

ಖಾಶಾಬಾ ದಾದಾಸಾಹೇಬ್ ಜಾಧವರ ಕಥೆಯನ್ನು ಬಲ್ಲವರಿಗೆ ಇದರ ಅರ್ಥ ಬೇಗ ಆಗುತ್ತದೆ. ಸಾತಾರಾ ಜಿಲ್ಲೆಯ ಗೋಳೇಶ್ವರವೆಂಬ ಹಳ್ಳಿಯವರು. ಮಣ್ಣಿನಲ್ಲಿ ಬೆಳೆದ ಆ ತರುಣ 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಮ್ಯಾಟಿನ ಮೇಲಿನ ಆಟ ಹೊಸದು. ಆದರೂ ಆರನೆಯ ಸ್ಥಾನ. ನಾಲ್ಕು ವರ್ಷಗಳ ಅನಂತರ ಹೆಲ್ಸಿಂಕಿಗೆ ಹೋಗಲು ಹಣವಿಲ್ಲ. ಅವರು ಓದಿದ್ದ ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಒದಗಿಸಿಕೊಟ್ಟರೆಂಬುದು ಆ ಸೀಮೆಯಲ್ಲಿ ಮನೆಮಾತು. 1952ರಲ್ಲಿ ಜಾಧವರು ಕಂಚಿನ ಪದಕದೊಡನೆ ಮರಳಿದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ವ್ಯಕ್ತಿ ಗೆದ್ದುತಂದ ಮೊದಲ ಒಲಿಂಪಿಕ್ ಪದಕ ಅದು. ಎರಡನೆಯದಕ್ಕೆ ದೇಶ 44 ವರ್ಷ ಕಾಯಬೇಕಾಯಿತು. ಕುಸ್ತಿಯಲ್ಲಿಯೇ ಇನ್ನೊಂದಕ್ಕೆ 56 ವರ್ಷ. ಆಗ ಕುಸ್ತಿಯ ಬಾಗಿಲು ಮುಚ್ಚಿದ್ದರೆ ಆ ಪ್ರಾಂಶುಪಾಲರ ಮನೆ ಒತ್ತೆಗೆ ಹೋಗುತ್ತಿರಲಿಲ್ಲ, ನಿಜ. ಗೋಳೇಶ್ವರದ ಹೆಸರನ್ನೂ ಯಾರೂ ಕೇಳುತ್ತಿರಲಿಲ್ಲ. 2024ರ ಪ್ಯಾರಿಸ್ ಕೂಟದವರೆಗೆ ಒಲಿಂಪಿಕ್ ಕುಸ್ತಿಯಲ್ಲಿ ಭಾರತ ಗೆದ್ದ ಪದಕ ಎಂಟು. ಹಾಕಿಯನ್ನು ಬಿಟ್ಟರೆ ಬೇರಾವ ಆಟವೂ ಇಷ್ಟು ಕೊಟ್ಟಿಲ್ಲ.

ಬೆಳಗಾವಿ, ಬಾಗಲಕೋಟೆ, ಧಾರವಾಡಗಳ ಕಡೆಯ ಹುಡುಗರು ಇಂದಿಗೂ ಕೊಲ್ಲಾಪುರದ ತಾಲೀಮುಗಳಿಗೆ ಹೋಗಿ ಪಟ್ಟು ಕಲಿಯುತ್ತಾರೆ. ಜಾತ್ರೆಯ ಜಂಗಿ ಕುಸ್ತಿಯಲ್ಲಿ ಗೆದ್ದರೆ ಬೆಳ್ಳಿಯ ಗದೆ, ಕಡಗ, ಇನಾಮು. ಆದರೆ ಜಾತ್ರೆಯ ಗದೆಯನ್ನು ತೋರಿಸಿದರೆ ಯಾವ ಕಚೇರಿಯಲ್ಲಿಯೂ ಕೆಲಸ ಕೊಡುವುದಿಲ್ಲ. ರೈಲ್ವೆಯಲ್ಲಿ, ಪೊಲೀಸಿನಲ್ಲಿ, ಸೈನ್ಯದಲ್ಲಿ ಕ್ರೀಡಾಪಟುಗಳ ಪಾಲಿನ ನೌಕರಿಗೆ ಬೇಕಾದುದು ಮನ್ನಣೆ ಪಡೆದ ಪಂದ್ಯಗಳ ಪ್ರಮಾಣಪತ್ರ. ಆ ಪಂದ್ಯಗಳ ಸರಣಿಯ ತುದಿಯಲ್ಲಿರುವುದು ಒಲಿಂಪಿಕ್ಸ್. ತುದಿಯನ್ನು ಕತ್ತರಿಸಿದರೆ ಕೆಳಗಿನ ಹಂತಗಳಿಗೆ ಸರಕಾರವೇಕೆ ಹಣ ಕೊಟ್ಟೀತು? ಮಗನನ್ನು ಹೊಲದ ಕೆಲಸದಿಂದ ಬಿಡಿಸಿ ಗರಡಿಗೆ ಕಳುಹಿಸುವ ತಂದೆಗೆ ಗ್ರೀಸಿನ ಇತಿಹಾಸ ಗೊತ್ತಿಲ್ಲ. ಹುಡುಗನಿಗೆ ಮುಂದೆ ಒಂದು ದಾರಿಯಾದೀತೆಂಬುದಷ್ಟೇ ಅವನ ಲೆಕ್ಕ. ಲೊಸಾನಿನ ಮಂಡಲಿಯು ಅಂದು ಮುಚ್ಚಹೊರಟದ್ದು ಆ ದಾರಿಯನ್ನು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದುದಲ್ಲ. ಗರಡಿಯ ಆಟವೇ ಬೇರೆ, ಒಲಿಂಪಿಕ್ಸಿನ ಆಟವೇ ಬೇರೆಯಲ್ಲವೆ? ಹೌದು. ಮೈಸೂರಿನವರು ಒಂದನ್ನು ನಾಡಕುಸ್ತಿಯೆಂದೂ ಇನ್ನೊಂದನ್ನು ಪಾಯಿಂಟ್ ಕುಸ್ತಿಯೆಂದೂ ಕರೆದು ಭೇದವನ್ನು ಎಂದೋ ಒಪ್ಪಿಕೊಂಡಿದ್ದಾರೆ. ದಸರೆಗೆ ಮುಂಚೆ ಜೋಡಿ ಕಟ್ಟುವ ದಿನ ಹಿರಿಯ ಉಸ್ತಾದರು ಕುಳಿತು, ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಎತ್ತರ, ಭುಜ, ತೊಡೆ, ಹಿಂದಿನ ಕುಸ್ತಿಗಳ ನೆನಪು ಎಲ್ಲವನ್ನೂ ಕಣ್ಣಿನಲ್ಲಿಯೇ ತೂಗಿ ‘ಸರಿ ಜೋಡಿ’ ಎನ್ನುತ್ತಾರೆ. ಒಪ್ಪಿದವರು ಕೈಕುಲುಕುತ್ತಾರೆ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ಕುಸ್ತಿಯಾಡುವವರನ್ನು ನೋಡಲು ಬಂದವರಿಗೆ ಬೇಕಾದುದು ಬೆನ್ನು ಮಣ್ಣಿಗೆ ತಾಗುವ ಚಿತ್, ಅಂಕಗಳ ಲೆಕ್ಕಾಚಾರವಲ್ಲ. ಮಣ್ಣಿನಲ್ಲಿ ನಿಧಾನವಾಗಿ ಬಲವನ್ನು ಅಳೆಯುವುದಕ್ಕೆ ಒಗ್ಗಿದ ಮೈ ಮ್ಯಾಟಿನ ಚುರುಕಿಗೆ ತಬ್ಬಿಬ್ಬಾಗುವುದುಂಟು. ಒಲಿಂಪಿಕ್ಸಿನಲ್ಲಿ ಕುಸ್ತಿ ಇದ್ದ ಮಾತ್ರಕ್ಕೆ ಮೈಸೂರಿನ ಗರಡಿಗಳು ತುಂಬಿ ತುಳುಕುವುದಿಲ್ಲ. ಅಲ್ಲಿಂದ ಹೋದ ಮಾತ್ರಕ್ಕೆ ಮಣ್ಣು ಒಣಗುವುದೂ ಇಲ್ಲ. ರೋಮಿನ ಚಕ್ರವರ್ತಿಗಳ ಕಾಲದಲ್ಲಿ ನಿಂತ ಒಲಿಂಪಿಕ್ ಕೂಟ ಸಾವಿರದೈನೂರು ವರ್ಷ ನಿಂತೇ ಇತ್ತು. ಅಷ್ಟೂ ಕಾಲ ಜಗತ್ತಿನಲ್ಲಿ ಕುಸ್ತಿ ನಡೆಯಿತು.

ಗರಡಿಯನ್ನು ಉಳಿಸಲು ಒಲಿಂಪಿಕ್ಸ್ ಬೇಕಿಲ್ಲ. ಗರಡಿಯಿಂದ ಹೊರಕ್ಕೆ ಹೆಜ್ಜೆಯಿಡಬೇಕೆನ್ನುವವನಿಗೆ ಅದು ಬೇಕು. ಗರಡಿಯೊಳಕ್ಕೆ ಎಂದೂ ಪ್ರವೇಶವಿಲ್ಲದವಳಿಗೆ ಇನ್ನೂ ಹೆಚ್ಚಾಗಿ ಬೇಕು. ಹನುಮಂತನ ಸನ್ನಿಧಿಯೆಂದು ಹೆಂಗಸರನ್ನು ಹೊಸ್ತಿಲಿನಲ್ಲಿಯೇ ತಡೆದ ಸಂಪ್ರದಾಯ, ಮ್ಯಾಟು ಬಂದಮೇಲೆ ಸಡಿಲವಾಯಿತು. 2004ರ ಅಥೆನ್ಸ್ ಕೂಟದಲ್ಲಿ ಮಹಿಳೆಯರ ಕುಸ್ತಿ ಮೊದಲಾಯಿತು. ಲಂಡನ್ನಿನಲ್ಲಿ ಹದಿನೆಂಟು ಚಿನ್ನದ ಪದಕಗಳ ಪೈಕಿ ಹದಿನಾಲ್ಕು ಗಂಡಸರಿಗೆ, ನಾಲ್ಕೇ ಹೆಂಗಸರಿಗೆ. ಲೊಸಾನಿನ ಪೆಟ್ಟು ಬಿದ್ದಮೇಲೆ ಒಕ್ಕೂಟ ದಡಬಡಿಸಿ ಎದ್ದಿತು: ಅಧ್ಯಕ್ಷ ಮಾರ್ಟಿನೆಟ್ಟಿ ನಾಲ್ಕೇ ದಿನಗಳಲ್ಲಿ ಪದವಿ ಬಿಟ್ಟರು, ಸೆರ್ಬಿಯದ ಲಾಲೊವಿಚ್ ಬಂದರು. ಚೀಲ ಹೋಯಿತು, ಚೆಂಡು ಹೋಯಿತು. ಮೂರು ನಿಮಿಷಗಳ ಎರಡು ಅವಧಿ, ಒಟ್ಟು ಅಂಕಗಳಿಂದ ಗೆಲುವು ಎಂದಾಯಿತು. 2016ರ ರಿಯೊ ಕೂಟಕ್ಕೆ ಹೆಂಗಸರಿಗೆ ಆರು ತೂಕಗಳು ದೊರೆತವು. ಅದೇ ರಿಯೊದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಭಾರತದ ಮೊದಲ ಮಹಿಳಾ ಕುಸ್ತಿಪಟುವಾದರು. ಪಟ್ಟಿಯಿಂದ ತೆಗೆದೆವೆಂದು ಹೆದರಿಸದಿದ್ದರೆ ಆ ಹಿರಿಯರು ಇಷ್ಟನ್ನು ಇಷ್ಟು ಬೇಗ ಮಾಡುತ್ತಿದ್ದರೆಂದು ನಂಬುವುದು ಕಷ್ಟ.

2013ರ ಸೆಪ್ಟೆಂಬರ್ 8ರಂದು ಬ್ಯೂನಸ್ ಐರಿಸಿನಲ್ಲಿ ಪೂರ್ಣ ಸಭೆಯ ಮತದಾನ ನಡೆದು, ಕುಸ್ತಿಗೆ 49, ಬೇಸ್‌ಬಾಲ್ ಸಾಫ್ಟ್‌ಬಾಲ್ ಜೋಡಿಗೆ 24, ಸ್ಕ್ವಾಷಿಗೆ 22 ಮತ ಬಿದ್ದವು. ಕುಸ್ತಿ ಮರಳಿ ಒಳಬಂದಿತು. ಸ್ಕ್ವಾಷಿನವರಿಗೆ ಅನ್ಯಾಯವಾಯಿತೆಂದು ಮರುಗಿದವರೂ ಉಂಟು. ಹೊರಹಾಕಿದ ಆಟವನ್ನೇ ಮತ್ತೆ ಕರೆದು ತರುವುದಾದರೆ ಹೊಸಬರನ್ನು ಬಾಗಿಲಲ್ಲಿ ನಿಲ್ಲಿಸಿದ್ದೇಕೆಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಆ ಆಟವನ್ನೂ ಸೇರಿಸಿಕೊಂಡದ್ದರಿಂದ ಅವರ ಕಣ್ಣೀರು ತಡವಾಗಿಯಾದರೂ ಒರಸಿದಂತಾಯಿತು.

ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಒಳಗೆ ಎಲ್ಲರಿಗೂ ಎಡೆಯಿದೆಯೆಂದಲ್ಲ. ಒಟ್ಟು ಹದಿನೆಂಟೇ ತೂಕಗಳಾದ್ದರಿಂದ ಹೆಂಗಸರಿಗೆ ಸ್ಥಳ ಮಾಡಲು ಗಂಡಸರ ತೂಕಗಳನ್ನು ಕಡಿತ ಮಾಡಬೇಕಾಯಿತು. ಕರ್ನಾಟಕದ ಅರ್ಜುನ ಹಲಕುರ್ಕಿ 2020ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯ ಚಾಂಪಿಯನ್‌ಷಿಪ್ಪಿನ ಗ್ರೀಕೊ-ರೋಮನ್ ಕುಸ್ತಿಯಲ್ಲಿ 55 ಕಿಲೋ ತೂಕದಲ್ಲಿ ಕಂಚು ಗೆದ್ದರು. ಒಲಿಂಪಿಕ್ಸಿನ ಗ್ರೀಕೊ-ರೋಮನ್ ಕುಸ್ತಿ 60 ಕಿಲೋದಿಂದ ಆರಂಭ. ಏಷ್ಯದಲ್ಲಿ ಮೂರನೆಯವನಾದವನಿಗೆ ಆ ತೂಕದಲ್ಲಿ ಒಲಿಂಪಿಕ್ಸ್ ಎಂಬುದೇ ಇಲ್ಲ! 2024ರ ಪ್ಯಾರಿಸಿನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಅಂತಿಮ ಸುತ್ತಿಗೆ ಏರಿ, ಮರುದಿನದ ತೂಕದಲ್ಲಿ ನೂರು ಗ್ರಾಂ ಹೆಚ್ಚಾಗಿ ಅನರ್ಹರಾದುದನ್ನು ಇಡೀ ದೇಶ ಕಂಡಿತು. ಮೊದಲು ಅವರು ಆಡುತ್ತಿದ್ದುದು 53 ಕಿಲೋ ವಿಭಾಗದಲ್ಲಿ. ಜೋಡಿ ಕಟ್ಟುವ ಉಸ್ತಾದರ ಕಣ್ಣಿಗೆ ನೂರು ಗ್ರಾಂ ಬೀಳುತ್ತಿರಲಿಲ್ಲ. ತಕ್ಕಡಿಗೆ ಕಣ್ಣಿಲ್ಲ, ಮುಳ್ಳು ಮಾತ್ರವಿದೆ.

ಮನೆಯ ಗೆದ್ದಲಿನ ವಿಷಯದಲ್ಲಿ ಭಾರತಕ್ಕೆ ಹೊರಗಿನವರನ್ನು ಆಡಿಕೊಳ್ಳುವ ಬಾಯಿಲ್ಲ. 2023ರಲ್ಲಿ ದೇಶದ ಹೆಸರಾಂತ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರಿನಲ್ಲಿ ಕುಳಿತು ನ್ಯಾಯಕ್ಕಾಗಿ ಮೊರೆಯಿಟ್ಟರು. ಚುನಾವಣೆಯನ್ನು ಕಾಲಕ್ಕೆ ನಡೆಸಲಿಲ್ಲವೆಂದು ಅದೇ ಆಗಸ್ಟಿನಲ್ಲಿ ಜಾಗತಿಕ ಒಕ್ಕೂಟ ಭಾರತದ ಒಕ್ಕೂಟವನ್ನು ಅಮಾನತಿನಲ್ಲಿಟ್ಟಿತು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಭಾರತದ ಮಲ್ಲರು ತ್ರಿವರ್ಣ ಧ್ವಜವಿಲ್ಲದೆ ಆಡಬೇಕಾಯಿತು.

ಒಲಿಂಪಿಕ್ಸಿನಲ್ಲಿ ತಪ್ಪಿದ ಕುತ್ತು ಬೇರೆ ಅಂಗಳದಲ್ಲಿ ಬಂದು ಎರಗಿತು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟಕ್ಕೆ ಭಾರತದಿಂದ ಹೋದ ಕುಸ್ತಿಪಟುಗಳು ಹನ್ನೆರಡು ಮಂದಿ. ಬಂದ ಪದಕಗಳೂ ಹನ್ನೆರಡು, ಅವುಗಳಲ್ಲಿ ಆರು ಚಿನ್ನ. ಮುಂದಿನ ಕೂಟವನ್ನು ನಡೆಸಬೇಕಾಗಿದ್ದ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ, ಖರ್ಚು ತಡೆಯಲಾರೆವೆಂದು 2023ರಲ್ಲಿ ಕೈಚೆಲ್ಲಿತು. ಕೂಟವನ್ನು ವಹಿಸಿಕೊಂಡ ಗ್ಲಾಸ್ಗೋ ನಗರಕ್ಕಾಗಿ 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಹತ್ತೇ ಕ್ರೀಡೆಗಳಿದ್ದವು. ಕುಸ್ತಿಯಿಲ್ಲ, ಹಾಕಿಯಿಲ್ಲ, ಬ್ಯಾಡ್ಮಿಂಟನ್ ಇಲ್ಲ. ಇಲ್ಲಿ ನಿಯಮದ ತಪ್ಪಿಲ್ಲ, ಆಡಳಿತದ ತಪ್ಪಿಲ್ಲ, ಚೀಲ ಚೆಂಡುಗಳ ನಗೆಪಾಟಲಿಲ್ಲ, ಬರಿಯ ಜಮಾಖರ್ಚು. ಈ ಹಿಂದೆಯೂ ಕೆಲವು ಕಾಮನ್‌ವೆಲ್ತ್ ಕೂಟಗಳಲ್ಲಿ ಕುಸ್ತಿಯಿರಲಿಲ್ಲವೆಂದು ಸಮಾಧಾನ ಹೇಳುವವರಿದ್ದಾರೆ. ಒಂದು ಮ್ಯಾಟು, ಒಂದು ಸೀಟಿ, ಮೂವರು ತೀರ್ಪುಗಾರರು ಇಷ್ಟರಲ್ಲಿ ಮುಗಿಯುವ ಆಟವನ್ನು ಖರ್ಚಿನ ನೆಪದಿಂದ ಬಿಟ್ಟದ್ದು ಮಾತ್ರ ಗರಡಿಯವರಿಗೆ ಇನ್ನೂ ಅರ್ಥವಾಗಿಲ್ಲ.

ಅದರ ಮುಂದಿನ ಕೂಟ 2030ರಲ್ಲಿ, ಅಹಮದಾಬಾದಿನಲ್ಲಿ. ಅಲ್ಲಿ ಕುಸ್ತಿಗೆ ಸ್ಥಳ ಸಿಕ್ಕಿದರೂ, 2022ರಲ್ಲಿ ಇಪ್ಪತ್ತು ವರ್ಷದವನಾಗಿದ್ದ ಹುಡುಗನಿಗೆ ಆಗ ಇಪ್ಪತ್ತೆಂಟು ತುಂಬಿರುತ್ತದೆ. ಗರಡಿಯ ಲೆಕ್ಕದಲ್ಲಿ ಎಂಟು ವರ್ಷವೆಂದರೆ ಮೈಯ ಒಳ್ಳೆಯ ಕಾಲವೆಲ್ಲ ಅಷ್ಟೇ.